ಭಾವನಿಗೆ ದೊಡ್ಡ ಇಂಜಿನ್ ತೋರಿಸೋಕೆ ಹೋಗಿ: ಹ್ಯಾಂಬರ್ಗ್, ಲಾಬೋ, ಬ್ರೆಮರ್‌ಹಾಫನ್ ಐದು ದಿನ

ಜೂನ್‌ನಲ್ಲಿ ಅಕ್ಕ ಭಾವ ಹ್ಯಾಂಬರ್ಗ್‌ಗೆ ನಮ್ಮನೆಗೆ ಬಂದಿದ್ರು. ನಾನು ಎಲ್ರ ಥರಾನೇ ಪ್ಯಾರಿಸ್ಸು ಸ್ವಿಟ್ಜರ್‌ಲ್ಯಾಂಡು ಅಂತ ಲಿಸ್ಟ್ ಮಾಡಿ ಇಟ್ಕೊಂಡಿದ್ದೆ. ಭಾವ ದಾವಣಗೆರೆ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೂವತ್ತೊಂದು ವರ್ಷ ಮೆಕ್ಯಾನಿಕ್ ಆಗಿದ್ದವರು, ರಿಟೈರ್ ಆಗಿ ಎರಡು ವರ್ಷ ಆಯ್ತು, ಈಗ್ಲೂ ರೋಡಲ್ಲಿ ಯಾವ್ದಾದ್ರೂ ಗಾಡಿ ಸೌಂಡ್ ಸರಿ ಇಲ್ಲ ಅಂದ್ರೆ ನಿಂತು ಕೇಳಿಸ್ಕೊಳ್ತಾರೆ. ನನ್ನ ಲಿಸ್ಟ್ ನೋಡಿ "ಹಿಮ ಎಲ್ಲಾ ಸಿನಿಮಾದಲ್ಲಿ ನೋಡಿದೀನಿ ಬಿಡೋ, ಇಲ್ಲೇ ಹತ್ರ ಯಾವ್ದಾದ್ರೂ ದೊಡ್ಡ ಇಂಜಿನ್ ಇದ್ರೆ ತೋರಿಸು" ಅಂದ್ರು. ನಾನು ಇಲ್ಲಿ ಸೋಲಾರ್ ಪ್ಲಾಂಟುಗಳಿಗೆ ಬ್ಯಾಟರಿ ಕೂರಿಸೋ ಕೆಲಸ ಮಾಡೋನು. ಡೀಸೆಲ್ ಇಂಜಿನ್ನೂ ಬ್ಯಾಟರಿನೂ ಎರಡೂ ಒಟ್ಟಿಗೆ ಇರೋ ಜಾಗ ಯಾವ್ದು ಅಂತ ಯೋಚ್ನೆ ಮಾಡಿದಾಗ ಹೊಳೆದಿದ್ದು ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮೆರೀನ್. ಉತ್ತರ ಜರ್ಮನಿಯಲ್ಲಿ ಎರಡು ಉಳ್ಕೊಂಡಿವೆ, ಎರಡೂ ನಮ್ಮನೆಯಿಂದ ರೈಲಲ್ಲಿ ಒಂದೆರಡು ಗಂಟೆ ದೂರ.

ಮೊದಲ್ನೇ ದಿನ, ಹ್ಯಾಂಬರ್ಗ್

ಇವತ್ತು ಎಲ್ಲೂ ದೂರ ಹೋಗ್ಲಿಲ್ಲ, ಅವ್ರಿಗೆ ಇನ್ನೂ ನಿದ್ದೆ ಸೆಟ್ ಆಗಿರ್ಲಿಲ್ಲ. ಮಧ್ಯಾಹ್ನ ಲಾಂಡುಂಗ್ಸ್‌ಬ್ರ್ಯೂಕನ್ ಅನ್ನೋ ಕಡೆ ಕರ್ಕೊಂಡು ಹೋದೆ, ಎಲ್ಬೆ ನದಿ ದಡ, ದೋಣಿಗಳೆಲ್ಲಾ ನಿಲ್ಲೋ ಜಾಗ. ಅಲ್ಲಿ ನಿಂತ್ರೆ ನದಿ ಆಚೆ ಕಡೆ ಬ್ಲೋಮ್ ಉಂಡ್ ಫಾಸ್ ಅನ್ನೋ ಹಡಗು ಕಟ್ಟೋ ಯಾರ್ಡ್ ಕಾಣುತ್ತೆ, ಕ್ರೇನು, ಡ್ರೈ ಡಾಕು, ಹೆಸರು ದೊಡ್ಡದಾಗಿ ಬರ್ದಿದ್ದಾರೆ. ನಾವು ನೋಡ್ಬೇಕು ಅಂತಿದ್ದ ಎರಡು ಸಬ್‌ಮೆರೀನೂ ಹುಟ್ಟಿದ್ದು ಅಲ್ಲೇ. ಯುದ್ಧದ ಟೈಮಲ್ಲಿ ಆ ಒಂದೇ ಯಾರ್ಡಿಂದ 200ಕ್ಕೂ ಜಾಸ್ತಿ ಸಬ್‌ಮೆರೀನ್ ಬಂದಿವೆ. ಅದಕ್ಕೆ ಮುಂಚೆ ಬಿಸ್ಮಾರ್ಕ್ ಅನ್ನೋ ಫೇಮಸ್ ಯುದ್ಧನೌಕೆ ಕಟ್ಟಿದ್ದೂ ಇವ್ರೇ.

ನಾಳೆ ನೋಡೋ ದೋಣಿ ಹೆಸರು ಯು-995. ಜರ್ಮನ್ನಲ್ಲಿ ಸಬ್‌ಮೆರೀನ್‌ಗೆ 'ಉಂಟರ್‌ಜೇಬೋಟ್' ಅಂತಾರೆ, ಸಮುದ್ರದಡಿ ದೋಣಿ ಅಂತ, ಅದ್ರಿಂದಾನೇ ಯು-ಬೋಟ್. ಇದನ್ನ ಕಟ್ಟೋಕೆ ಶುರು ಮಾಡಿದ್ದು 1942 ನವೆಂಬರ್, ನೀರಿಗೆ ಬಿಟ್ಟಿದ್ದು 1943 ಜುಲೈ 22. ಅದಾಗಿ ಎರಡೇ ದಿನಕ್ಕೆ, ಜುಲೈ 24ರ ರಾತ್ರಿ, ಬ್ರಿಟಿಷ್ ವಿಮಾನಗಳು ಈ ಊರಿನ ಮೇಲೆ ಬಾಂಬ್ ಹಾಕೋಕೆ ಶುರು ಮಾಡಿದ್ವು. ವಾರದೊಳಗೆ ಊರಿಗೂರೇ ಬೆಂದು ಹೋಯ್ತು, ಮೂವತ್ತು ಸಾವಿರಕ್ಕೂ ಮೇಲೆ ಜನ ಸತ್ರು. ಊರೊಳಗೆ ಸಾಂಕ್ಟ್ ನಿಕೊಲಾಯ್ ಚರ್ಚಿನ ಗೋಪುರ ಒಂದನ್ನ ಮಾತ್ರ ಹಾಗೇ ಕರ್ರಗೆ ಬಿಟ್ಟಿದ್ದಾರೆ, ದಿನಾ ಆಫೀಸಿಗೆ ಹೋಗ್ತಾ ನೋಡ್ತೀನಿ. ದೋಣಿ ಮಾತ್ರ ಉಳೀತು.

ಇನ್ನೊಂದು ವಿಷ್ಯ ಇದೆ. ಆ ವರ್ಷ ಮೇ ತಿಂಗಳು ಒಂದ್ರಲ್ಲೇ ಜರ್ಮನಿ 41 ಸಬ್‌ಮೆರೀನ್ ಕಳ್ಕೊಂಡಿತ್ತು. ರಾಡಾರು, ದೂರ ಹಾರೋ ವಿಮಾನ, ಕೋಡ್ ಒಡೆದಿದ್ದು, ಎಲ್ಲಾ ಸೇರಿ ಅಟ್ಲಾಂಟಿಕ್‌ನಲ್ಲಿ ಆಟ ಮುಗಿದಿತ್ತು, ಜರ್ಮನ್ ನೇವಿ ಮುಖ್ಯಸ್ಥ ಅಡ್ಮಿರಲ್ ಡೋನಿಟ್ಸ್ ಮೇ 24ಕ್ಕೆ ದೋಣಿಗಳನ್ನ ವಾಪಸ್ ಕರೆಸ್ಕೊಂಡಿದ್ದ. ಅಂದ್ರೆ ಯು-995 ನೀರಿಗೆ ಇಳಿಯೋ ಹೊತ್ತಿಗೇ ಆ ಮಾಡೆಲ್ ಹಳೇದಾಗಿತ್ತು. "ಹಂಗಾದ್ರೆ ಯಾಕೆ ಕಟ್ಟಿದ್ರು?" ಅಂದ್ಳು ಅಕ್ಕ. ಭಾವ "ಆರ್ಡರ್ ಹೋಗಿರುತ್ತಲ್ಲ, ಬಾಡಿ ಬಿಲ್ಡಿಂಗ್ ಶುರು ಆದ್ಮೇಲೆ ಯಾರು ನಿಲ್ಲಿಸ್ತಾರೆ" ಅಂದ್ರು, ಅನುಭವದ ಮಾತು.

ವಾಪಸ್ ಬರ್ತಾ ಇನ್ನೊಂದು ಹೇಳ್ದೆ. ಇದೇ ಹಾರ್ಬರಲ್ಲಿ ಎಲ್ಬೆ-2 ಅಂತ ಒಂದು ಕಾಂಕ್ರೀಟ್ ಬಂಕರ್ ಇತ್ತು, ಯುದ್ಧ ಮುಗಿದ್ಮೇಲೆ ಬ್ರಿಟಿಷರು ಸ್ಫೋಟ ಮಾಡಿ ಬೀಳಿಸಿದ್ರು, ಒಳಗೆ ಮೂರು ಸಬ್‌ಮೆರೀನ್ ಹಾಗೇ ಸಿಕ್ಕಾಕೊಂಡಿದ್ವು. 1985ರಲ್ಲಿ ಮತ್ತೆ ಯಾರೋ ಹುಡುಕಿ ಹೊರಗೆ ತಂದ್ರು ಸುದ್ದಿನ. ಆಮೇಲೆ ಮರಳು ತುಂಬಿ ಮುಚ್ಚಿ, ಈಗ ಅದ್ರ ಮೇಲೆ ಕಾರ್ ಪಾರ್ಕಿಂಗು.

ಎರಡನೇ ದಿನ, ಕೀಲ್ ಮತ್ತು ಲಾಬೋ

ಬೆಳಿಗ್ಗೆ ಅಕ್ಕ ಎದ್ದು ಚಿತ್ರಾನ್ನ ಕಟ್ಟಿದ್ಳು, ಬೇಡ ಅಂದ್ರೂ ಕೇಳಲ್ಲ. ಹ್ಯಾಂಬರ್ಗಿಂದ ಕೀಲ್‌ಗೆ ಲೋಕಲ್ ಟ್ರೈನಲ್ಲಿ ಒಂದೂಕಾಲು ಗಂಟೆ. ಸ್ಟೇಷನ್ ಎದ್ರಿಗೇ ನೀರು, ಅಲ್ಲಿಂದ ಲಾಬೋಗೆ ಫೆರ್ರಿ ಹೋಗುತ್ತೆ, ಬಸ್ ಥರ ಆ ದಡ ಈ ದಡ ನಿಲ್ಲಿಸ್ಕೊಂಡು. ಹೊರಟ ಸ್ವಲ್ಪ ಹೊತ್ತಿಗೇ ಬಲಗಡೆ ಒಂದು ದೊಡ್ಡ ಶಿಪ್‌ಯಾರ್ಡ್. ಅಲ್ಲಿ ಇವತ್ತಿಗೂ ಸಬ್‌ಮೆರೀನ್ ಕಟ್ತಾರೆ. ನಮ್ಮ ನೇವಿಯ ಐಎನ್ಎಸ್ ಶಿಶುಮಾರ್, ಐಎನ್ಎಸ್ ಶಂಕುಶ್ ಎರಡೂ 1980ರ ದಶಕದಲ್ಲಿ ಈ ಕೀಲ್‌ನಲ್ಲೇ ರೆಡಿ ಆಗಿದ್ದು, ಅದೇ ಕ್ಲಾಸಿನ ಇನ್ನೆರಡು ಮುಂಬೈ ಮಜಗಾಂವ್ ಡಾಕ್‌ನಲ್ಲಿ. ಭಾವ ಫೆರ್ರಿ ರೇಲಿಂಗ್ ಹಿಡ್ಕೊಂಡು ನೋಡಿದ್ದೇ ನೋಡಿದ್ದು.

ಲಾಬೋದಲ್ಲಿ ಇಳಿದು ಬೀಚ್ ಪಕ್ಕ ನಡೀತಾ ಹೋದ್ರೆ ಮೊದ್ಲು ಕಾಣೋದು 72 ಮೀಟರ್ ಎತ್ತರದ ಒಂದು ಸ್ತಂಭ, ಹಡಗಿನ ಹಿಂಭಾಗ ನೆಟ್ಟಗೆ ನಿಲ್ಸಿದ ಹಾಗಿದೆ, ಇಟ್ಟಿಗೆದು, 1936ರಲ್ಲಿ ಮುಗಿಸಿದ್ದು, ನೇವಿಯವರ ಸ್ಮಾರಕ. ಅದ್ರ ಕೆಳಗೆ ಮರಳ ಮೇಲೆ ಕಬ್ಬಿಣದ ಕಾಲುಗಳ ಮೇಲೆ ಕೂತಿದೆ ನಮ್ಮ ಯು-995. ಪಕ್ಕದಲ್ಲೇ ಮಕ್ಕಳು ಮರಳಲ್ಲಿ ಬಕೆಟ್ ಹಿಡ್ಕೊಂಡು ಆಡ್ತಿದ್ರು.

ನನಗೆ ಮೊದಲ್ನೇ ಸಲ ಅನ್ಸಿದ್ದು ಇದು ಸಬ್‌ಮೆರೀನ್ ಥರಾನೇ ಇಲ್ವಲ್ಲ ಅಂತ. ಮುಂದೆ ಚೂಪಾದ ಮೂತಿ, ಮೇಲೆ ಚಪ್ಪಟೆ ಡೆಕ್ಕು, ರೇಲಿಂಗು, ಗನ್ನು, ಥೇಟ್ ಹಡಗು. ಅದು ನಿಜ ಕೂಡ. ಇದು ನೀರೊಳಗೆ ಇರೋಕೆ ಮಾಡಿದ್ದಲ್ಲ, ನೀರ ಮೇಲೆ ಓಡಾಡ್ತಾ ಬೇಕಾದಾಗ ಮುಳುಗಿ ಬಚ್ಚಿಟ್ಕೊಳ್ಳೋಕೆ ಮಾಡಿದ್ದು. ಮೇಲೆ ಓಡಿದ್ರೆ ಗಂಟೆಗೆ 17 ನಾಟ್ ಚಿಲ್ರೆ, ಅಂದ್ರೆ ಸುಮಾರು 33 ಕಿಲೋಮೀಟರ್, ನಿಧಾನಕ್ಕೆ 10 ನಾಟ್‌ನಲ್ಲಿ ಹೋದ್ರೆ 8500 ನಾಟಿಕಲ್ ಮೈಲಿ ಹೋಗ್ಬೋದು. ಮುಳುಗಿದ್ಮೇಲೆ? 4 ನಾಟ್ ಸ್ಪೀಡಲ್ಲಿ 80 ಮೈಲಿ, ಅಷ್ಟೇ. ಇಪ್ಪತ್ತು ಗಂಟೆ, ಸೈಕಲ್ಲಿಗಿಂತ ನಿಧಾನಕ್ಕೆ, ಆಮೇಲೆ ಬ್ಯಾಟರಿ ಖಾಲಿ. ಶತ್ರು ಹಡಗು ಬೆನ್ನು ಹತ್ತಿದ ಅಂತ ಫುಲ್ ಸ್ಪೀಡ್ ಕೊಟ್ರೆ ಒಂದೆರಡು ಗಂಟೆಲೇ ಮುಗೀತು. ಮೇಲೆ ಬಂದು ಡೀಸೆಲ್ ಇಂಜಿನ್ ಸ್ಟಾರ್ಟ್ ಮಾಡಿ ಚಾರ್ಜ್ ಮಾಡ್ಲೇಬೇಕು, ಮೇಲೆ ಬಂದ್ರೆ ವಿಮಾನದವ್ನು ಕಾಯ್ತಿರ್ತಾನೆ. ಈ ಯುದ್ಧದ ಕಥೆ ಪೂರ್ತಿ ಇಷ್ಟೇ ಅಂತ ಬ್ಯಾಟರಿ ಕೆಲಸ ಮಾಡೋ ನನಗೆ ಅನ್ಸುತ್ತೆ, ಚಾರ್ಜ್ ಮಾಡೋಕೆ ಟೈಮ್ ಸಿಗ್ಲಿಲ್ಲ ಅವ್ರಿಗೆ.

ಒಳಗೆ ಹೋಗೋಕೆ ಈಗ ಹಿಂದೆ ಒಂದು ಬಾಗ್ಲು ಕೊರೆದಿದ್ದಾರೆ, ಹೊರಗೆ ಬರೋಕೆ ಮುಂದೆ ಇನ್ನೊಂದು. ಆಗೆಲ್ಲಾ ಮೇಲಿಂದ ಏಣೀಲಿ ಇಳೀಬೇಕಿತ್ತು. ಆ ಕೊರೆದ ಜಾಗದಲ್ಲಿ ಕಬ್ಬಿಣದ ದಪ್ಪ ನೋಡ್ಬೋದು, ಭಾವ ಬೆರಳಲ್ಲಿ ಅಳೆದ್ರು. ಮಾಮೂಲಿ ಟೈಪ್ 7ಸಿ ಮಾಡೆಲ್ಲಲ್ಲಿ 18.5 ಮಿಲಿಮೀಟರು, ಇದು 7ಸಿ/41 ಅಂತ ಸುಧಾರಿಸಿದ್ದು, 21 ಮಿಲಿಮೀಟರ್. ಎರಡೂವರೆ ಮಿಲಿಮೀಟರ್ ಜಾಸ್ತಿ ಹಾಕಿದ್ದಕ್ಕೆ ಇನ್ನಷ್ಟು ಆಳ ಹೋಗ್ಬೋದಿತ್ತು, ಇನ್ನೂರೈವತ್ತು ಮೀಟರ್ ಹತ್ರ. ಅಲ್ಲಿ ಪ್ರತಿ ಚದರ ಸೆಂಟಿಮೀಟರ್ ಮೇಲೂ 25 ಕೆಜಿ ಭಾರ ಅಂದೆ, ಭಾವ ಏನೂ ಮಾತಾಡ್ದೆ ಇನ್ನೊಂದ್ಸಲ ಅಳೆದ್ರು.

ಮೊದ್ಲು ಸಿಗೋದು ಎಲೆಕ್ಟ್ರಿಕ್ ಮೋಟರ್ ರೂಮು. ಹಿಂದಕ್ಕೆ ಒಂದು ಟಾರ್ಪೆಡೋ (ನೀರೊಳಗೇ ಓಡಿ ಹೋಗಿ ಹಡಗಿಗೆ ಹೊಡೆಯೋ ಬಾಂಬು) ಬಿಡೋ ಟ್ಯೂಬೂ ಅಲ್ಲೇ ಇದೆ, ಮುಂದಿನ ನಾಲ್ಕು ಸೇರಿ ಒಟ್ಟು ಐದು, ಟಾರ್ಪೆಡೋ 14 ಹಿಡಿಸೋದು. ಎರಡು ಮೋಟರ್ ಸೇರಿ 750 ಹಾರ್ಸ್ ಪವರ್. ಅದನ್ನ ದಾಟಿ ಬಗ್ಗಿ ಆಚೆ ಹೋದ್ರೆ ಡೀಸೆಲ್ ರೂಮು, ಅಲ್ಲಿ ನಮ್ಮ ಭಾವನ ಯಾತ್ರೆ ಮುಗೀತು ಅನ್ಬೋದು. ನಡುವೆ ಒಬ್ಬ ಮನುಷ್ಯ ಸೈಡಾಗಿ ನಡೆಯೋಷ್ಟು ಜಾಗ, ಎಡಕ್ಕೊಂದು ಬಲಕ್ಕೊಂದು ಇಂಜಿನ್, ಎದೆ ಮಟ್ಟಕ್ಕೆ ರಾಕರ್ ಆರ್ಮ್‌ಗಳು ಸಾಲಾಗಿ ಹೊರಗೇ ಕಾಣ್ತವೆ, ಕವರ್ ಇಲ್ಲ. ಎರಡೂ ಸೂಪರ್‌ಚಾರ್ಜರ್ ಇರೋ ಜರ್ಮಾನಿಯಾವರ್ಫ್ಟ್ ಕಂಪನಿ ಇಂಜಿನ್ನು. ಭಾವ ಎಣಿಸಿದ್ರು. "ಲೇ, ಇದೂ ಆರೇ ಸಿಲಿಂಡರ್ ಕಣೋ!" ನಮ್ಮ ಡಿಪೋ ಬಸ್ಸಿನದ್ದೂ ಆರೇ, ಆದ್ರೆ ಬಸ್ಸಿನದ್ದು ಇನ್ನೂರು ಹಾರ್ಸ್ ಪವರ್ ಆಸುಪಾಸು, ಇಲ್ಲಿ ಒಂದೊಂದೇ 1400 ದಾಟುತ್ತೆ. ಹಿಂದೆ ಬರ್ತಿದ್ದ ಜನ ಎಲ್ಲಾ ನಿಂತ್ಬಿಟ್ರು, ಈಯಪ್ಪ ಬಗ್ಗಿ ಇಂಜಿನ್ ಬುಡ ನೋಡ್ತಿದ್ದಾರೆ, ಜರ್ಮನ್ ಅಜ್ಜ ಒಬ್ರು ನಕ್ಕು ನನ್ನ ಕಡೆ ನೋಡಿ ಏನೋ ಅಂದ್ರು, 'ತಜ್ಞರು ಬಂದಿದ್ದಾರೆ' ಅನ್ನೋ ಅರ್ಥ. ಇಷ್ಟು ಇಕ್ಕಟ್ಟಲ್ಲಿ ಓವರ್‌ಹಾಲ್ ಹೆಂಗೆ ಮಾಡ್ತಿದ್ರು, ಪಿಸ್ಟನ್ ಹೊರಗೆ ಹೆಂಗೆ ಎತ್ತುತ್ತಿದ್ರು, ಆ ಬಿಸಿಯಲ್ಲಿ, ಅಂತ ದಿನ ಪೂರ್ತಿ ಅದೇ ಅವ್ರ ಪ್ರಶ್ನೆ.

ಆಮೇಲೆ ಅಡುಗೆಮನೆ. ನಮ್ಮನೆ ದೇವರ ಮನೆಗಿಂತ ಚಿಕ್ಕದು. ಒಂದು ಪುಟ್ಟ ಕರೆಂಟ್ ಒಲೆ, ಒಂದು ಸಿಂಕು. ಅಕ್ಕ ಬಾಗ್ಲಲ್ಲೇ ನಿಂತು "ಐವತ್ತು ಜನಕ್ಕೆ ಇದೊಂದೇ ಒಲೆನಾ? ಅಡುಗೆ ಭಟ್ಟ ಯಾವಾಗ ಮಲಗ್ತಿದ್ದ?" ಅಂದ್ಳು. ಯಾರೂ ಸರಿಯಾಗಿ ಮಲಗ್ತಿರ್ಲಿಲ್ಲ. ಒಬ್ಬ ಡ್ಯೂಟಿಗೆ ಎದ್ರೆ ಇನ್ನೊಬ್ಬ ಅದೇ ಬಿಸಿ ಹಾಸಿಗೆಲಿ ಬಿದ್ಕೊಳ್ಳೋದು. ಪಕ್ಕದ ರೂಮಿಗೆ ಅವ್ರು ಇಟ್ಟಿದ್ದ ಹೆಸರು ಪೋಟ್ಸ್‌ಡಾಮರ್ ಪ್ಲಾಟ್ಸ್, ಬರ್ಲಿನ್ನಿನ ಗಿಜಿಗಿಜಿ ಸರ್ಕಲ್ಲು, ಯಾಕಂದ್ರೆ ಇಂಜಿನ್ನಿಗೆ ಹೋಗೋರು ಅಡುಗೆಮನೆಗೆ ಹೋಗೋರು ಎಲ್ಲಾ ಮಲಗಿರೋರ ಮೂಗಿನ ಮುಂದೆ ಓಡಾಡ್ಬೇಕು. ಮೆಜೆಸ್ಟಿಕ್ ಪ್ಲಾಟ್‌ಫಾರಮ್ಮಲ್ಲಿ ಮಂಚ ಹಾಕ್ಕೊಂಡ ಹಾಗೆ.

ಟಾಯ್ಲೆಟ್ ಎರಡೇ. ಅದ್ರಲ್ಲೂ ಅಡುಗೆಮನೆ ಪಕ್ಕದ್ದು ಹೊರಡುವಾಗ ದಿನಸಿ ತುಂಬಿರ್ತಿತ್ತು, ತಿಂದು ಖಾಲಿ ಆದ್ಮೇಲೇನೇ ಅದು ಟಾಯ್ಲೆಟ್ಟು. ಅಕ್ಕ ಇದನ್ನ ಕೇಳಿ ಮುಖ ಮಾಡಿದ್ದು ಫೋಟೋ ತೆಗೀಬೇಕಿತ್ತು. ಇನ್ನೊಂದು ಇದೇ ಜಾತಿಯ ಬೋಟು ಯು-1206 ಅಂತ, ಅದ್ರಲ್ಲಿ ಆಳದಲ್ಲೂ ಫ್ಲಶ್ ಮಾಡೋ ಹೊಸ ಥರದ ಟಾಯ್ಲೆಟ್ ಇತ್ತು. 1945 ಏಪ್ರಿಲ್‌ನಲ್ಲಿ ಸ್ಕಾಟ್ಲೆಂಡ್ ಹತ್ರ ಅದ್ರ ವಾಲ್ವ್ ತಪ್ಪಾಗಿ ತಿರುಗಿಸಿ ಸಮುದ್ರದ ನೀರು ಒಳಗೆ ನುಗ್ಗಿ ಕೆಳಗಿದ್ದ ಬ್ಯಾಟರಿಗೆ ಹೋಯ್ತು. ಉಪ್ಪುನೀರು ಮತ್ತೆ ಬ್ಯಾಟರಿ ಆಸಿಡ್ ಸೇರಿದ್ರೆ ಕ್ಲೋರಿನ್ ಗ್ಯಾಸು, ಉಸಿರಾಡಂಗಿಲ್ಲ. ಮೇಲೆ ಬಂದ್ರು, ವಿಮಾನ ನೋಡ್ಬಿಡ್ತು, ದೋಣಿ ಬಿಟ್ಟು ಮುಳುಗಿಸಿ ಓಡಬೇಕಾಯ್ತು. ಇದು ತಮಾಷೆ ಕಥೆ ಅಂತ ಎಲ್ಲಾ ಕಡೆ ಹೇಳ್ತಾರೆ, ನನಗೆ ಮಾತ್ರ ತಮಾಷೆ ಅನ್ಸಲ್ಲ, ಬ್ಯಾಟರಿ ರೂಮಲ್ಲಿ ನೀರು ಬಂದ್ರೆ ಏನಾಗುತ್ತೆ ಅಂತ ಗೊತ್ತಿರೋ ಯಾರಿಗೂ ಅನ್ಸಲ್ಲ.

ಬ್ಯಾಟರಿ ಇರೋದು ನಾವು ನಡೆಯೋ ನೆಲದ ಕೆಳಗೆ, ಎರಡು ಗುಂಪು, ಒಂದೊಂದ್ರಲ್ಲಿ 62 ಸೆಲ್, ಒಟ್ಟು 124. ನಮ್ಮನೆ ಯುಪಿಎಸ್ ಬ್ಯಾಟರಿ 150 ಆಂಪಿಯರ್ ಅವರ್ ಇದ್ರೆ ಇವು ಒಂದೊಂದು ಸೆಲ್ಲೂ ಸುಮಾರು 9000. ಮೇಂಟೆನೆನ್ಸ್ ಮಾಡೋನು ಹೊಟ್ಟೆ ಮೇಲೆ ಮಲಗಿ ತಳ್ಳೋ ಗಾಡೀಲಿ ಸೆಲ್ಲಿಂದ ಸೆಲ್ಲಿಗೆ ಹೋಗೋದು.

ಮಧ್ಯದಲ್ಲಿ ಕಂಟ್ರೋಲ್ ರೂಮು. ಅಲ್ಲಿಗೆ ಹೋಗೋ ದಾರಿ ಗುಂಡಗಿನ ತೂತು, ಮೊದ್ಲು ಕಾಲು ಹಾಕಿ ಆಮೇಲೆ ತಲೆ. ಭಾವ ಉಲ್ಟಾ ಮಾಡಿ ತಲೆ ಹೊಡೆಸ್ಕೊಂಡ್ರು. ಒಳಗೆ ಕೈಚಕ್ರಗಳು, ಕೆಂಪು ಬಣ್ಣದ್ದು, ನೂರಾರು, ಮೀಟರು, ಪೈಪು. ಕ್ಯಾಪ್ಟನ್ನಿಗೆ ಕೋಣೆ ಅಂತ ಇದ್ದಿದ್ದು ಹಜಾರದ ಪಕ್ಕ ಒಂದು ಮಂಚ, ಒಂದು ಹಸಿರು ಪರದೆ, ಅಷ್ಟೇ. ಎದುರಿಗೇ ರೇಡಿಯೋ, ಸಮುದ್ರದ ಸದ್ದು ಕೇಳೋನು ಕೂರೋ ಜಾಗ.

ಈ ಪರದೆ ಹಿಂದೆ ಕೊನೇ ಏಳು ತಿಂಗಳು ಮಲಗಿದ್ದವ್ನು ಹಾನ್ಸ್-ಗೆಯಾರ್ಗ್ ಹೆಸ್. 1944 ಅಕ್ಟೋಬರ್‌ನಲ್ಲಿ ದೋಣಿ ಕೈಗೆ ತಗೊಂಡಾಗ ವಯಸ್ಸು 21. ನಮ್ಮ ಕಡೆ ಆ ವಯಸ್ಸಿಗೆ ಡಿಗ್ರಿ ಸಪ್ಲಿಮೆಂಟರಿ ಕಟ್ತಿರ್ತಾರೆ. ಈ ದೋಣಿ ಅಟ್ಲಾಂಟಿಕ್‌ಗೆ ಬೇಟೆಗೆ ಹೋಗಿದ್ದೇ ಇಲ್ಲ, ನಾರ್ವೆ ಉತ್ತರದಲ್ಲಿ ಕತ್ತಲು, ಹಿಮ, ಅಲ್ಲಿ ರಷ್ಯಾಕ್ಕೆ ಸಾಮಾನು ಹೊತ್ಕೊಂಡು ಗುಂಪಾಗಿ ಹೋಗೋ ಹಡಗುಗಳ ಕಾನ್ವಾಯ್‌ಗಳನ್ನ ಹುಡುಕ್ಕೊಂಡು ಓಡಾಡಿದ್ದು, ಒಟ್ಟು ಒಂಬತ್ತು ಸಲ ಹೋಗಿ ಬಂದಿದೆ. ಮುಳುಗಿಸಿದ್ದು ಸಣ್ಣಪುಟ್ಟ ಸೋವಿಯತ್ ಹಡಗುಗಳೇ ಜಾಸ್ತಿ. ದೊಡ್ಡದು ಅಂದ್ರೆ 1945 ಮಾರ್ಚ್ 20ಕ್ಕೆ ಹೋರೇಸ್ ಬುಶ್‌ನೆಲ್ ಅನ್ನೋ ಅಮೆರಿಕನ್ ಲಿಬರ್ಟಿ ಸರಕು ಹಡಗಿಗೆ ಹೊಡೆದಿದ್ದು, ರಿಪೇರಿ ಆಗದಷ್ಟು ಕೆಟ್ಟೋಯ್ತು. ಹೆಸ್ ಯುದ್ಧ ಮುಗಿದ್ಮೇಲೆ ಲಾಯರ್ ಆದ.

ದೋಣಿಗೆ ಸ್ನಾರ್ಕೆಲ್ ಆಮೇಲೆ ಹಾಕಿದ್ದು, ಒಂದು ಉದ್ದದ ಪೈಪು, ಅದನ್ನ ಮಾತ್ರ ನೀರ ಮೇಲಿಟ್ಟು ಒಳಗೆ ಡೀಸೆಲ್ ಓಡಿಸಿ ಚಾರ್ಜ್ ಮಾಡೋದು. ಒಳ್ಳೇ ಐಡಿಯಾ ಅನ್ಸುತ್ತೆ, ಆದ್ರೆ ಅಲೆ ಬಂದು ಪೈಪ್ ಬಾಯಿ ಮುಚ್ಚಿತು ಅಂದ್ರೆ ವಾಲ್ವ್ ಟಪ್ ಅಂತ ಹಾಕ್ಕೊಳುತ್ತೆ, ಇಂಜಿನ್ ನಿಲ್ಲಲ್ವಲ್ಲ, ಅದು ದೋಣಿ ಒಳಗಿನ ಗಾಳೀನೇ ಎಳ್ಕೊಳ್ಳುತ್ತೆ, ಎಲ್ರ ಕಿವಿ ಒಡೆದು ಹೋಗೋ ನೋವು. ಭಾವ ಕೂಡ್ಲೇ "ಏರ್ ಫಿಲ್ಟರ್ ಬ್ಲಾಕ್ ಆದಾಗ ಇಂಜಿನ್ ಹೆಂಗೆ ಉಸಿರು ಕಟ್ಟುತ್ತೆ ಹಂಗೆ, ಆದ್ರೆ ಇಲ್ಲಿ ಮನುಷ್ಯರೂ ಫಿಲ್ಟರ್ ಒಳಗೇ ಇದ್ದಾರೆ" ಅಂದ್ರು. ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಯುದ್ಧ ಮುಗಿದಾಗ ದೋಣಿ ನಾರ್ವೆಯ ಟ್ರೋನ್‌ಹೈಮ್‌ನಲ್ಲಿತ್ತು. ಬ್ರಿಟಿಷರ ಕೈಗೆ ಹೋಗಿ, ಅವ್ರು 1948ರಲ್ಲಿ ನಾರ್ವೆಗೆ ಕೊಟ್ರು, ನಾರ್ವೆಯವರು 'ಕೌರಾ' ಅಂತ ಹೆಸರಿಟ್ಟು 1952ರಿಂದ 1962ರವರೆಗೂ ಓಡಿಸಿದ್ರು. ಅಂದ್ರೆ ಜರ್ಮನರಿಗಿಂತ ಜಾಸ್ತಿ ವರ್ಷ ಇದನ್ನ ಓಡಿಸಿದ್ದು ನಾರ್ವೆಯವ್ರು, ಆದ್ರೆ ಬೋರ್ಡ್‌ಗಳಲ್ಲಿ ಆ ಹತ್ತು ವರ್ಷದ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ. 1965ರಲ್ಲಿ ಜರ್ಮನಿಗೆ ವಾಪಸ್ ಬಂತು, ಬೆಲೆ ನೆಪಕ್ಕೆ ಒಂದೇ ಒಂದು ಮಾರ್ಕ್. ಹಳೇ ರೂಪಕ್ಕೆ ರಿಪೇರಿ ಮಾಡಿ 1972 ಮಾರ್ಚ್‌ನಲ್ಲಿ ತೇಲೋ ಕ್ರೇನ್‌ಗಳಲ್ಲಿ ಎತ್ತಿ ಈ ಮರಳ ಮೇಲೆ ಇಟ್ರು. ಏಳುನೂರರಷ್ಟು ಟೈಪ್ 7 ದೋಣಿ ಕಟ್ಟಿದ್ರು, ಪ್ರಪಂಚದಲ್ಲಿ ಪೂರ್ತಿಯಾಗಿ ಉಳಿದಿರೋದು ಇದೊಂದೇ.

ಹೊರಗೆ ಬಂದು ಬೀಚಲ್ಲಿ ಕೂತು ಚಿತ್ರಾನ್ನ ತಿಂದ್ವಿ. ಕಡಲೆಬೀಜ ಬೀಳಿಸಿದ ತಕ್ಷಣ ಸೀಗಲ್ ಹಕ್ಕಿ ಬಂದು ಕೂತ್ಕೊಳ್ತು. ರಾತ್ರಿ ಲಾಬೋದಲ್ಲೇ ಒಂದು ಸಣ್ಣ ರೂಮು.

ಮೂರನೇ ದಿನ, ಮ್ಯೋಲ್ಟನೋರ್ಟ್

"ನೇತಾಜಿ ಬಂದಿದ್ದು ನೆನ್ನೆ ನೋಡಿದ್ವಲ್ಲ ಅದ್ರಲ್ಲೇ ಅಲ್ವಾ?" ಬೆಳಿಗ್ಗೆ ಕಾಫಿ ಕುಡೀತಾ ಅಕ್ಕನ ಪ್ರಶ್ನೆ. ಬಹಳ ಜನ ಹೀಗೇ ಅಂದ್ಕೊಂಡಿರ್ತಾರೆ. ಅಲ್ಲ, ಅವರು ಹೋದಾಗ ಯು-995 ಇನ್ನೂ ನೀರಿಗೇ ಇಳಿದಿರ್ಲಿಲ್ಲ. ಸುಭಾಷ್ ಚಂದ್ರ ಬೋಸ್ 1943 ಫೆಬ್ರವರಿ 9ಕ್ಕೆ ಇದೇ ಕೀಲ್‌ನಿಂದ ಹೊರಟಿದ್ದು ಯು-180ರಲ್ಲಿ, ಜೊತೆಗೆ ಹೈದರಾಬಾದಿನ ಆಬಿದ್ ಹಸನ್. ಅದು ದೊಡ್ಡ ಮಾಡೆಲ್, ಟೈಪ್ 9ಡಿ1, ದೂರದ ಪ್ರಯಾಣಕ್ಕೆ. ಅದ್ರ ವಿಶೇಷ ಏನಂದ್ರೆ ಸ್ಪೀಡ್ ಬೇಕು ಅಂತ ಮಾಮೂಲಿ ಎರಡು ಸಬ್‌ಮೆರೀನ್ ಇಂಜಿನ್ ಬದ್ಲು ಟಾರ್ಪೆಡೋ ಬೋಟ್‌ಗಳಿಗೆ ಹಾಕೋ ಮರ್ಸಿಡಿಸ್ ಬೆಂಜ್ ಡೀಸೆಲ್ ಇಂಜಿನ್ ಆರು ಕೂರಿಸಿದ್ರು. ಭಾವ ಕಪ್ ಕೆಳಗಿಟ್ರು. "ಆರು? ಒಂದೇ ದೋಣೀಲಿ? ಹೀಟ್ ಎಲ್ಲಿಗೆ ಹೋಗುತ್ತೆ?" ಎಲ್ಲಿಗೂ ಹೋಗ್ಲಿಲ್ಲ, ಅದೇ ತೊಂದ್ರೆ, ಹೊಗೆ ಬೇರೆ ಕಕ್ಕುತ್ತಿತ್ತು. ಆಮೇಲೆ ಆ ಇಂಜಿನ್ ಕಿತ್ತು ಮಾಮೂಲಿದೇ ಹಾಕಿದ್ರು.

ಆ ದೋಣೀಲಿ ಎರಡೂವರೆ ತಿಂಗಳು. ಹೊದಿಕೆಯಿಂದ ಹಿಡಿದು ಬ್ರೆಡ್ಡಿನ ತನಕ ಎಲ್ಲಾ ಡೀಸೆಲ್ ವಾಸನೆ ಅಂತ ಆಬಿದ್ ಹಸನ್ ಆಮೇಲೆ ನೆನಪು ಮಾಡ್ಕೊಂಡಿದ್ದಾರೆ. ಸ್ಟೋರಲ್ಲಿ ಅಕ್ಕಿ ಬೇಳೆ ಸಿಕ್ತು ಅಂತ ಅವರು ನೇತಾಜಿಗೆ ಖಿಚಡಿ ಮಾಡಿ ಕೊಟ್ರೆ ನೇತಾಜಿ ಜರ್ಮನ್ ಆಫೀಸರುಗಳನ್ನೂ ಕರೆದು ಬಡಿಸೋರಂತೆ, ಇರೋದೇ ಇಷ್ಟು ಅಂತ ಇವ್ರಿಗೆ ಒಳಗೊಳಗೇ ಸಂಕಟ. ದಾರಿಯಲ್ಲಿ ಏಪ್ರಿಲ್ 18ಕ್ಕೆ ಆ ದೋಣಿ ಕಾರ್ಬಿಸ್ ಅನ್ನೋ ಬ್ರಿಟಿಷ್ ಟ್ಯಾಂಕರನ್ನೂ ಮುಳುಗಿಸ್ತು. ಏಪ್ರಿಲ್ 28ಕ್ಕೆ ಮಡಗಾಸ್ಕರ್ ಹತ್ರ, ಸಮುದ್ರ ಏಳ್ತಾ ಬೀಳ್ತಾ ಇದ್ದಾಗ್ಲೇ, ರಬ್ಬರ್ ತೆಪ್ಪದಲ್ಲಿ ಜಪಾನಿನ ಐ-29 ಸಬ್‌ಮೆರೀನಿಗೆ ದಾಟಿದ್ರು. ಜಪಾನಿನವರು ಕಳಿಸಿದ ಚಿನ್ನ, ಸುಮಾರು ಎರಡು ಟನ್, ಈ ಕಡೆ ಬಂತು.

ಲಾಬೋದಿಂದ ನೀರ ಪಕ್ಕದಲ್ಲೇ ಮ್ಯೋಲ್ಟನೋರ್ಟ್‌ಗೆ ನಡ್ಕೊಂಡು ಹೋದ್ವಿ, ಒಂದು ಗಂಟೆ ದಾರಿ, ಅಕ್ಕನಿಗೆ ಮಂಡಿ ನೋವು ಅಂತ ಮಧ್ಯೆ ಎರಡು ಕಡೆ ಬೆಂಚ್ ಮೇಲೆ ಕೂತ್ವಿ. ಅಲ್ಲಿರೋದು ಸಬ್‌ಮೆರೀನ್‌ನಲ್ಲಿ ಸತ್ತೋರ ಸ್ಮಾರಕ. ಎತ್ತರದ ಕಂಬ, ಮೇಲೆ ಹದ್ದು, ಕೆಳಗೆ ಬಾಗಿದ ಗೋಡೆ ಉದ್ದಕ್ಕೂ ಕಂಚಿನ ಫಲಕಗಳು, ದೋಣಿ ನಂಬರ್ ಪ್ರಕಾರ ಹೆಸರುಗಳು. ಎರಡನೇ ಯುದ್ಧದ್ದೇ 30,003 ಹೆಸರು. ಸಬ್‌ಮೆರೀನ್‌ಗೆ ಸೇರಿದ ನಾಲ್ಕು ಜನದಲ್ಲಿ ಮೂರು ಜನ ವಾಪಸ್ ಬರ್ಲಿಲ್ಲ ಅಂತ ಓದಿದಾಗ ಅದೊಂದು ಲೆಕ್ಕ, ಇಲ್ಲಿ ಗೋಡೆ ಮುಗಿಯೋದೇ ಇಲ್ಲ. ಯು-180 ಹುಡುಕಿದ್ವಿ. 1944 ಆಗಸ್ಟ್‌ನಲ್ಲಿ ಜಪಾನಿಗೆ ಅಂತ ಫ್ರಾನ್ಸಿನ ಬೋರ್ಡೋದಿಂದ ಹೊರಟು ಬಿಸ್ಕೆ ಕೊಲ್ಲಿಯಲ್ಲೇ ಕಣ್ಮರೆ ಆಯ್ತು, ಒಬ್ಬರೂ ಉಳೀಲಿಲ್ಲ. ಅಕ್ಕ ಫಲಕದ ಮೇಲೆ ಕೈ ಇಟ್ಟು ಮೇಲಿಂದ ಕೆಳಗೆ ಹೆಸರು ಓದೋಕೆ ನೋಡಿದ್ಳು, ಜರ್ಮನ್ ಬರಲ್ಲ, ಇಂಗ್ಲಿಷ್ ಥರ ಓದ್ತಾ ಹೋದ್ಳು. ಖಿಚಡಿ ತಿಂದೋರು ಯಾರಾದ್ರೂ ಇದ್ರಲ್ಲಿ ಇರ್ಬೋದಾ ಅಂದ್ಳು.

ಇವ್ರಿಗೆ ಇಷ್ಟು ದೊಡ್ಡ ಗೋಡೆ ಇದೆ, ಸರಿ. ಇವ್ರ ಟಾರ್ಪೆಡೋ ತಿಂದ ಬ್ರಿಟಿಷ್ ಸರಕು ಹಡಗುಗಳಲ್ಲಿ ಕಲ್ಲಿದ್ದಲು ತುಂಬೋ, ಇಂಜಿನ್ ರೂಮಿನ ಕೆಲಸ ಮಾಡೋ ಜನ ಎಷ್ಟೋ ಕಡೆ ನಮ್ಮ ದೇಶದೋರು, ಲಸ್ಕರ್ ಅಂತ ಕರೀತಿದ್ರು. ಆ ಯುದ್ಧದಲ್ಲಿ ಸತ್ತ ಭಾರತದ ನಾವಿಕರು ಆರು ಸಾವಿರಕ್ಕೂ ಮೇಲೆ. ಅವ್ರ ಹೆಸರುಗಳು ಮುಂಬೈ ಮಸ್ಜಿದ್ ಬಂದರ್‌ನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿವೆ. ನಾನು ಮುಂಬೈಗೆ ಎಷ್ಟು ಸಲ ಹೋಗಿದೀನಿ, ಅಲ್ಲಿ ಹೋಗಿಲ್ಲ, ಇಲ್ಲಿಗೆ ಮಾತ್ರ ನಡ್ಕೊಂಡು ಬಂದಿದೀನಿ.

ಸಂಜೆ ಹ್ಯಾಂಬರ್ಗ್ ವಾಪಸ್.

ನಾಲ್ಕನೇ ದಿನ, ಬ್ರೆಮರ್‌ಹಾಫನ್

ಅಕ್ಕ "ನನಗೆ ಕಬ್ಬಿಣ ಸಾಕಪ್ಪ" ಅಂತ ನನ್ನ ಹೆಂಡ್ತಿ ಜೊತೆ ಶಾಪಿಂಗಿಗೆ ಹೋದ್ಳು. ನಾವಿಬ್ರೇ ಬ್ರೆಮರ್‌ಹಾಫನ್‌ಗೆ. ಹಳೇ ಹಾರ್ಬರಲ್ಲಿ ನೀರಲ್ಲೇ ನಿಂತಿದೆ ಯು-2540, ಈಗಿನ ಹೆಸರು ವಿಲ್ಹೆಲ್ಮ್ ಬವರ್.

ಆ ವಿಲ್ಹೆಲ್ಮ್ ಬವರ್ ಯಾರು ಅಂದ್ರೆ 1850ರ ಹೊತ್ತಿಗೆ ಕೀಲ್‌ನಲ್ಲಿ ಕೈಯಲ್ಲಿ ತಿರುಗಿಸೋ ಸಬ್‌ಮೆರೀನ್ ಮಾಡಿದ ಸೈನಿಕ. 1851 ಫೆಬ್ರವರಿ 1ಕ್ಕೆ ಟೆಸ್ಟ್ ಮಾಡೋಕೆ ಹೋಗಿ ಇನ್ನಿಬ್ರ ಜೊತೆ ತಳಕ್ಕೆ ಹೋಗಿ ಕೂತ್ಬಿಟ್ಟ. ಹೊರಗಿನ ನೀರಿನ ಒತ್ತಡಕ್ಕೆ ಬಾಗ್ಲು ತೆಗೆಯೋಕಾಗಲ್ಲ. ಈತ ಉಳಿದಿಬ್ರಿಗೆ ಒಪ್ಪಿಸಿ ದೋಣಿ ಒಳಗೆ ನೀರು ಬಿಟ್ಕೊಂಡ, ಒಳಗಿನ ಗಾಳಿ ಒತ್ತಡ ಹೊರಗಿನಷ್ಟೇ ಆಗೋವರೆಗೂ ಕಾದು ಆಮೇಲೆ ಬಾಗ್ಲು ತೆಗೆದು ಮೂವರೂ ಮೇಲೆ ಬಂದ್ರು. ಕತ್ತಿನ ತನಕ ನೀರಲ್ಲಿ ಕೂತು ಇಬ್ರನ್ನ ಒಪ್ಪಿಸೋದು ಅಂದ್ರೆ!

ಯು-2540 ಟೈಪ್ 21. ಯು-995ಕ್ಕೂ ಇದಕ್ಕೂ ಕಟ್ಟಿದ ಟೈಮಲ್ಲಿ ಎರಡು ವರ್ಷ ವ್ಯತ್ಯಾಸ ಇಲ್ಲ, ಆದ್ರೆ ನೋಡಿದ್ರೆ ಅಜ್ಜ ಮೊಮ್ಮಗ. ಡೆಕ್ಕಲ್ಲಿ ಗನ್ನಿಲ್ಲ, ಮೈಯೆಲ್ಲಾ ನುಣುಪು. ಮೊದ್ಲು ವಾಲ್ಟರ್ ಅನ್ನೋ ಇಂಜಿನಿಯರ್ ಹೈಡ್ರೋಜನ್ ಪೆರಾಕ್ಸೈಡಲ್ಲಿ ಓಡೋ ಸಬ್‌ಮೆರೀನ್‌ಗೆ ಅಂತ ದೊಡ್ಡ ಬಾಡಿ ಡಿಸೈನ್ ಮಾಡಿದ್ದ, ಆ ಇಂಜಿನ್ ರೆಡಿ ಆಗೋದು ಲೇಟು ಅಂತ ಗೊತ್ತಾದಾಗ ಯಾರಿಗೋ ಹೊಳೀತು, ಆ ಜಾಗದಲ್ಲಿ ಸುಮ್ನೆ ಬ್ಯಾಟರಿ ತುಂಬ್ಬಿಡೋಣ ಅಂತ. 124 ಸೆಲ್ ಇದ್ದಿದ್ದು 372 ಆಯ್ತು. ನೀರೊಳಗೆ 7 ನಾಟ್ ಇದ್ದಿದ್ದು 17 ಆಯ್ತು, ಮೇಲಿನ ಸ್ಪೀಡಿಗಿಂತ ಒಳಗಿನ ಸ್ಪೀಡೇ ಜಾಸ್ತಿ. ಜರ್ಮನರು ಇದನ್ನ ಕರೀತಿದ್ದಿದ್ದೇ ಎಲೆಕ್ಟ್ರೋಬೋಟ್ ಅಂತ. ಒಳಗೆ ಫ್ರಿಜ್ಜು, ಸ್ನಾನಕ್ಕೆ ಶವರ್ರು! ನಾನು ಖುಷಿಯಲ್ಲಿ ಭಾವನಿಗೆ ಹೇಳ್ತಾ ಹೋದೆ, ಅವ್ರು ಡೀಸೆಲ್ ರೂಮಲ್ಲಿ ಹುಸಿನಗೆ ನಕ್ಕು "ಇವತ್ತು ನಿನ್ನ ದಿನ ಬಿಡು" ಅಂದ್ರು.

ಇದನ್ನ ಕಟ್ಟಿದ ರೀತೀನೂ ಬೇರೆ. ದೋಣೀನ ಎಂಟು ತುಂಡು ಮಾಡಿ, ಒಳನಾಡಿನ ಸ್ಟೀಲ್ ಕಂಪನಿಗಳಲ್ಲಿ ತುಂಡು ಮಾಡ್ಸಿ, ಕಾಲುವೆ ಮೇಲೆ ತಂದು, ಹ್ಯಾಂಬರ್ಗ್, ಬ್ರೆಮನ್, ಡಾನ್ಸಿಗ್‌ನಲ್ಲಿ ಬೆಸುಗೆ ಹಾಕೋದು. ಆದ್ರೆ ಹಿಂದೆ ಯಾವತ್ತೂ ಸಬ್‌ಮೆರೀನ್ ಮಾಡದೇ ಇರೋ ಕಂಪನಿಗಳು, ಅಳತೆ ಸೆಂಟಿಮೀಟರ್‌ಗಟ್ಟಲೆ ಹೆಚ್ಚುಕಮ್ಮಿ, ತುಂಡಿಗೆ ತುಂಡು ಕೂರ್ತಿರ್ಲಿಲ್ಲ, ಮತ್ತೆ ಯಾರ್ಡಲ್ಲಿ ಕೂತು ಸರಿ ಮಾಡೋದು. 118 ದೋಣಿ ನೇವಿಗೆ ಸೇರಿದ್ವು, ಯುದ್ಧಕ್ಕೆ ಅಂತ ಹೊರಟಿದ್ದು ಎರಡೇ ಎರಡು, ಒಂದೂ ಹಡಗು ಮುಳುಗಿಸ್ಲಿಲ್ಲ. ಯು-2511ರ ಕ್ಯಾಪ್ಟನ್ ಶ್ನೇ ಅನ್ನೋನು, ಯುದ್ಧ ನಿಲ್ಲಿಸಿ ಅನ್ನೋ ಆರ್ಡರ್ ಬಂದ್ಮೇಲೆ ಒಂದು ಬ್ರಿಟಿಷ್ ಕ್ರೂಸರ್ ಹತ್ರ ಹೋಗಿ ಸುಮ್ನೆ ಗುರಿ ಇಟ್ಟು ವಾಪಸ್ ಬಂದೆ, ಅವ್ರಿಗೆ ಗೊತ್ತೇ ಆಗ್ಲಿಲ್ಲ ಅಂತ ಹೇಳ್ಕೊಂಡಿದ್ದಾನೆ.

ಯು-2540 ಕಥೆ ಇನ್ನೂ ಚಿಕ್ಕದು. 1945 ಫೆಬ್ರವರಿ 24ಕ್ಕೆ ಸೇವೆಗೆ, ಮೇ 4ಕ್ಕೆ ಫ್ಲೆನ್ಸ್‌ಬರ್ಗ್ ಹತ್ರ ಅವ್ರೇ ಮುಳುಗಿಸಿದ್ರು, ಎಪ್ಪತ್ತು ದಿನ. ಹನ್ನೆರಡು ವರ್ಷ ಬಾಲ್ಟಿಕ್ ತಳದಲ್ಲಿದ್ದು 1957ರಲ್ಲಿ ಎತ್ತಿದ್ರು, 1960ರಿಂದ ಪಶ್ಚಿಮ ಜರ್ಮನಿಯವರು ಪ್ರಯೋಗಕ್ಕೆ ಅಂತ ಬಳಸಿದ್ರು, 1984ರಿಂದ ಮ್ಯೂಸಿಯಮ್ಮು. ಯುದ್ಧ ಆದ್ಮೇಲೆ ಅಮೆರಿಕ, ರಷ್ಯಾ, ಬ್ರಿಟನ್ ಎಲ್ರೂ ಟೈಪ್ 21 ತಗೊಂಡೋಗಿ ಬಿಚ್ಚಿ ನೋಡಿ ಕಲ್ತಿದ್ದಾರೆ. ಎಂಥಾ ಡಿಸೈನ್ ಅಂತ ನಾನು ರಾತ್ರಿ ಪೂರ್ತಿ ಹೊಗಳ್ತಿದ್ದೆ, ಬ್ರೆಮನ್ನಿನ ಹೋಟೆಲಲ್ಲಿ ಭಾವ ನಿದ್ದೆ ಹೋದ್ಮೇಲೂ.

ಐದನೇ ದಿನ, ಫಾರ್ಗೆ

ಬ್ರೆಮನ್ನಿಂದ ಲೋಕಲ್ ಟ್ರೈನು ಫಾರ್ಗೆ ತನಕ, ಆಮೇಲೆ ಬಸ್ಸು. ಇಲ್ಲಿ ದೋಣಿ ಇಲ್ಲ, ದೋಣಿ ಕಟ್ಟೋಕೆ ಅಂತ ಕಟ್ಟಿದ ಜಾಗ ಇದೆ, ಬಂಕರ್ ವ್ಯಾಲೆಂಟಿನ್. ವೇಸರ್ ನದಿ ಪಕ್ಕ ಹುಲ್ಲುಗಾವಲಲ್ಲಿ ಬೂದಿ ಬಣ್ಣದ ಕಾಂಕ್ರೀಟ್ ಗುಡ್ಡ. 426 ಮೀಟರ್ ಉದ್ದ, 97 ಮೀಟರ್ ತನಕ ಅಗಲ, ಛಾವಣಿ ಕೆಲವು ಕಡೆ ನಾಲ್ಕೂವರೆ ಮೀಟರ್, ಕೆಲವು ಕಡೆ ಏಳು ಮೀಟರ್ ದಪ್ಪ. ನಿನ್ನೆ ಹೇಳಿದ ಎಂಟು ತುಂಡುಗಳನ್ನ ಬಾಂಬಿಂದ ತಪ್ಪಿಸಿ ಇದ್ರೊಳಗೇ ಜೋಡಿಸಿ 56 ಗಂಟೆಗೊಂದು ಟೈಪ್ 21 ಹೊರಗೆ ಬಿಡೋದು ಅಂತ ಪ್ಲಾನು.

ಕಟ್ಟಿದ್ದು 1943ರಿಂದ 45, ಕಟ್ಟಿದೋರು ಕೂಲಿಗೆ ಬಂದೋರಲ್ಲ. ಫ್ರಾನ್ಸು, ಪೋಲೆಂಡು, ಸೋವಿಯತ್ತು, ಇಟಲಿ, ಎಲ್ಲಾ ಕಡೆಯಿಂದ ಹಿಡ್ಕೊಂಡು ಬಂದ ಕೈದಿಗಳು, ಹತ್ತು ಸಾವಿರಕ್ಕೂ ಮೇಲೆ. ನಾಯೆನ್‌ಗಾಮೆ ಅನ್ನೋ ನಾಜಿ ಕಾನ್ಸಂಟ್ರೇಷನ್ ಕ್ಯಾಂಪಿನ ಒಂದು ಕವಲು ಇಲ್ಲಿತ್ತು, ಆ ಕೈದಿಗಳನ್ನ ಮಲಗಿಸ್ತಿದ್ದಿದ್ದು ನೆಲದಡಿ ಇದ್ದ ಖಾಲಿ ಎಣ್ಣೆ ಟ್ಯಾಂಕ್ ಒಳಗೆ. ಭಾವ ಇದನ್ನ ಎರಡು ಸಲ ಕೇಳಿದ್ರು, ಟ್ಯಾಂಕ್ ಒಳಗಾ, ಎಣ್ಣೆ ಟ್ಯಾಂಕ್ ಒಳಗಾ ಅಂತ. ಡಿಪೋದಲ್ಲಿ ಡೀಸೆಲ್ ಟ್ಯಾಂಕ್ ಕ್ಲೀನ್ ಮಾಡೋಕೆ ಇಳಿದೋರು ಹತ್ತು ನಿಮಿಷಕ್ಕೆ ತಲೆ ತಿರುಗಿ ಮೇಲೆ ಬರ್ತಿದ್ರಂತೆ. ಕೆಲಸದಲ್ಲಿ ಎಲ್ಲಕ್ಕಿಂತ ಭಯ ಇದ್ದಿದ್ದು ಕಬ್ಬಿಣ ಹೊರೋ ತಂಡಕ್ಕೆ, ಐವತ್ತು ಕೆಜಿ ಸಿಮೆಂಟ್ ಚೀಲ ಹೊರೋದು ಅದಕ್ಕಿಂತ ಸುಲಭ ಅನ್ನೋ ಲೆಕ್ಕ. ಹೆಸರು ಸಮೇತ ಗೊತ್ತಿರೋ ಸಾವೇ 1100ಕ್ಕಿಂತ ಜಾಸ್ತಿ.

ಒಳಗೆ ಒಂದು ದಾರಿ ಮಾಡಿದ್ದಾರೆ, ನಡೀತಾ ಹೋಗಿ ತಲೆ ಎತ್ತಿದ್ರೆ ಛಾವಣೀಲಿ ದೊಡ್ಡ ತೂತು, ಕಬ್ಬಿಣದ ಸರಳುಗಳು ಬೇರಿನ ಥರ ಕೆಳಗೆ ಜೋತಾಡ್ತಿವೆ, ಅಲ್ಲಿಂದ ಮಳೆ ಹನಿ ಬೀಳ್ತಿತ್ತು. 1945 ಮಾರ್ಚ್ 27ಕ್ಕೆ ಬ್ರಿಟಿಷರು ಹತ್ತು ಟನ್ನಿನ ಗ್ರ್ಯಾಂಡ್ ಸ್ಲ್ಯಾಮ್ ಬಾಂಬ್ ಹಾಕಿದ್ರು, ಎರಡು ಬಾಂಬ್ ಛಾವಣಿ ತೂರಿ ಬಂದ್ವು. ಕೆಲವೇ ದಿನಕ್ಕೆ ಕೆಲಸ ನಿಂತೋಯ್ತು.

ನಾನು ನಿನ್ನೆ ರಾತ್ರಿ ಅಷ್ಟು ಹೊಗಳಿದ್ದೆನಲ್ಲ, 372 ಸೆಲ್ಲು, ನುಣುಪು ಬಾಡಿ ಅಂತ. ಇವತ್ತು ಏನೂ ಮಾತಾಡ್ಲಿಲ್ಲ. ಭಾವ ಒಂದು ಕಡೆ ನಿಂತು ಗೋಡೆ ನೋಡ್ತಿದ್ರು. ಕಾಂಕ್ರೀಟ್ ಹಾಕುವಾಗ ಕಟ್ಟಿದ ಹಲಗೆ ಗೆರೆಗಳು ಹಾಗೇ ಇವೆ, ಒಂದೊಂದು ಹಲಗೆ ಅಚ್ಚೂ ಕಾಣುತ್ತೆ, ಮರದ ಗಂಟು ಸಮೇತ. ಅವ್ರು ಮನೆ ಕಟ್ಟಿಸಿದಾಗ ಮೋಲ್ಡ್ ಹಾಕೋ ದಿನ ತಾವೂ ಸಿಮೆಂಟ್ ಚೀಲ ಹೊತ್ತಿದ್ದು ಗೊತ್ತು ನನಗೆ, ಮೂರನೇ ಚೀಲಕ್ಕೆ ಬೆನ್ನು ಹಿಡ್ಕೊಂಡಿತ್ತು.

ಹೊರಗೆ ಬಂದು ಬಸ್ ಸ್ಟಾಪಲ್ಲಿ ನಿಂತಾಗ ಅಕ್ಕ ಫೋನ್ ಮಾಡಿದ್ಳು, ಸ್ಪೀಕರ್ ಹಾಕಿದ್ರು. ಎಲ್ಲಿದೀರಾ, ಊಟ ಆಯ್ತಾ, ಅಲ್ಲೇನಿದೆ ನೋಡೋಕೆ ಅಂತೆಲ್ಲಾ ಕೇಳಿ, "ಅಷ್ಟು ದೊಡ್ಡ ಫ್ಯಾಕ್ಟರಿ ಅಂದ್ರೆ ಎಷ್ಟು ದೋಣಿ ಮಾಡಿದ್ರಂತೆ?" ಅಂದ್ಳು.

"ಒಂದೂ ಇಲ್ಲ ಕಣೇ" ಅಂದ್ರು ಭಾವ. ಫೋನ್ ನನ್ನ ಕೈಗೆ ಕೊಟ್ಟು ಬಸ್ ಟೈಮ್ ನೋಡೋಕೆ ಬೋರ್ಡ್ ಹತ್ರ ಹೋದ್ರು.